ಮದ್ದುಸೊಪ್ಪಿಗೆ ಕೇಳಬೇಕಾದ ಎರಡನೇ ಪ್ರಶ್ನೆ

ಪಾತ್ರೆಗೆ ಹಾಕುವಾಗ ಅದು ಮಾಮೂಲಿ ಹಸಿರು ಸೊಪ್ಪು. ನೀರು ಕುದಿ ಬರಲಿ, ಆಮೇಲೆ ನೋಡಿ. ಮೊದಲು ಪಾತ್ರೆಯ ಅಂಚಿನಲ್ಲಿ ತೆಳುವಾಗಿ ನೇರಳೆ ಬಣ್ಣ ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಇಡೀ ನೀರು ನೇರಳೆ ಹಣ್ಣಿನ ರಸದಂತೆ ಕಪ್ಪಿಡುತ್ತದೆ. ಸೌಟು, ಸೋಸುವ ಬಟ್ಟೆ, ಅಜ್ಜಿಯ ಬೆರಳ ತುದಿ, ಎಲ್ಲಕ್ಕೂ ಅದೇ ಬಣ್ಣ. ಸೋಸಿದ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿದರೆ ಪಾಯಸ. ಅಕ್ಕಿ ತರಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಮದ್ದ್ ಪುಟ್ಟ್. ಮೇಲೆ ತುಪ್ಪ, ಜೇನು.

ಕೊಡಗಿನಲ್ಲಿ ಇದು ಕಕ್ಕಡ ತಿಂಗಳ ಹದಿನೆಂಟನೇ ದಿನದ ಅಡುಗೆ. ಕಕ್ಕಡ ಪದಿನೆಟ್ಟ್ ಅಂದರೆ ಆಗಸ್ಟ್ 3ರ ಆಸುಪಾಸು. ಕೊಡವರ ಮನೆಯಲ್ಲಿ ಅದು ಮದ್ದ್ ತೊಪ್ಪ್, ಅರೆಭಾಷೆಯವರ ಮನೆಯಲ್ಲಿ ಆಟಿ ಸೊಪ್ಪು. ಗಿಡ ಒಂದೇ. ಸಸ್ಯಶಾಸ್ತ್ರದವರು ಪಕ್ಕದ ವಯನಾಡಿನ ಹೆಸರು ಸೇರಿಸಿ ಜಸ್ಟೀಸಿಯಾ ವಯನಾಡೆನ್ಸಿಸ್ ಎನ್ನುತ್ತಾರೆ. ಕಕ್ಕಡದಲ್ಲಿ ದಿನಕ್ಕೊಂದರಂತೆ ಮದ್ದು ಈ ಎಲೆಗೆ ಸೇರಿ, ಹದಿನೆಂಟನೇ ದಿನ ಹದಿನೆಂಟು ಮದ್ದು ತುಂಬುತ್ತವೆ ಅನ್ನುವುದು ನಂಬಿಕೆ. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಚಿಕ್ಕವನಿದ್ದಾಗ ಅದನ್ನು ನೋಡಿ ನಾನು ಹೆದರಿದ್ದೆ. "ಮದ್ದು ಮೈಗೆ ಹಿಡಿದಿದೆ ಮಗ, ಹೆದರಬೇಡ" ಎಂದಿದ್ದರು ಅಜ್ಜಿ.

ಆ ಮಾತು ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಎಲೆಯಲ್ಲಿ ಏನೋ ಇದೆ, ಅದು ಮೈಯೊಳಗೆ ಹೋಗಿ ಹೊರಗೂ ಬಂತು. ಇನ್ನೊಂದು ಪ್ರಶ್ನೆ ಹಾಗೇ ಉಳಿಯುತ್ತದೆ: ಅದು ಮೈಗೆ ಏನು ಮಾಡಿತು? ಎಷ್ಟು ತಿಂದರೆ ಒಳ್ಳೆಯದು, ಎಷ್ಟಾದರೆ ಜಾಸ್ತಿ? ಗಿಡಮೂಲಿಕೆಯನ್ನು ಪ್ರಯೋಗಾಲಯಕ್ಕೆ ಒಯ್ದ ಇತಿಹಾಸದಲ್ಲೆಲ್ಲ ಇದೇ ಆಗಿದೆ. ಮೊದಲ ಪ್ರಶ್ನೆಯನ್ನು ಉತ್ಸಾಹದಿಂದ ಕೇಳುತ್ತಾರೆ. ಎರಡನೆಯದು ತಡವಾಗಿ ಬರುತ್ತದೆ, ಕೆಲವು ಸಲ ಜೀವಗಳು ಹೋದ ಮೇಲೆ.

ಈ ಕಥೆಯ ಒಂದು ಮುಖ್ಯ ಘಟ್ಟ ನಮ್ಮ ಪಕ್ಕದಲ್ಲೇ ನಡೆದಿದೆ. ಮದ್ದುಸೊಪ್ಪಿಗೆ ಒಬ್ಬ ದೊಡ್ಡಣ್ಣ ಇದ್ದಾನೆ: ಆಡುಸೋಗೆ. ಎರಡೂ ಜಸ್ಟೀಸಿಯಾ ಕುಲದವು. ಕೆಮ್ಮಿಗೆ ಆಡುಸೋಗೆ ಕಷಾಯ ಕುಡಿಯದ ಮನೆ ನಮ್ಮ ಕಡೆ ಕಡಿಮೆ, ಅಲ್ವಾ? 19ನೇ ಶತಮಾನದ ಕೊನೆಯಲ್ಲಿ ಊಟಿಯಲ್ಲಿ ಡೇವಿಡ್ ಹೂಪರ್ ಎಂಬ ರಸಾಯನ ತಜ್ಞರಿದ್ದರು. ನೀಲಗಿರಿಯ ಸಿಂಕೋನಾ ಮರದ ತೊಗಟೆಯಲ್ಲಿ ಮಲೇರಿಯಾದ ಮದ್ದು ಕ್ವಿನೈನ್ ಎಷ್ಟಿದೆ ಎಂದು ಅಳೆಯುವುದು ಅವರ ಸರ್ಕಾರಿ ಕೆಲಸ. ಅದೇ ಕೈಯಲ್ಲಿ ಅವರು ಸುತ್ತಲಿನ ಔಷಧಿ ಗಿಡಗಳನ್ನೂ ಪರೀಕ್ಷಿಸಿದರು. 1888ರಲ್ಲಿ ಆಡುಸೋಗೆ ಎಲೆಯಿಂದ ಒಂದು ಕ್ಷಾರವಸ್ತು (ಆಲ್ಕಲಾಯ್ಡ್, ಸ್ವಲ್ಪವೇ ಇದ್ದರೂ ಮೈ ಮೇಲೆ ಕೆಲಸ ಮಾಡುವಂಥ ಗಿಡದ ಅಂಶ) ಬೇರ್ಪಡಿಸಿದ್ದಾಗಿ ವರದಿ ಮಾಡಿದರು. ಗಿಡದ ಸಂಸ್ಕೃತ ಹೆಸರು ವಾಸಾ. ಹಾಗಾಗಿ ಅದು ವಾಸಿಸಿನ್ ಆಯಿತು. ಮುಂದೆ ಇದೇ ವಾಸಿಸಿನ್ ಮಾದರಿಯಿಂದ ಬ್ರೋಮ್‌ಹೆಕ್ಸಿನ್ ಎಂಬ ಔಷಧಿ ಹುಟ್ಟಿತು. ಅದರಿಂದ ಆಂಬ್ರಾಕ್ಸಾಲ್ ಬಂತು. ಮನೆಯಲ್ಲಿರುವ ಕೆಮ್ಮಿನ ಸಿರಪ್ ಬಾಟಲಿ ತಿರುಗಿಸಿ ನೋಡಿ. ಎರಡರಲ್ಲಿ ಒಂದು ಹೆಸರು ಸಿಗುವ ಸಾಧ್ಯತೆ ಜಾಸ್ತಿ.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ವಾಸಿಸಿನ್ ಗರ್ಭಕೋಶವನ್ನು ಹಿಂಡುವಂತೆ ಮಾಡುತ್ತದೆ ಎಂಬುದೂ ಆಮೇಲಿನ ಪ್ರಯೋಗಗಳಲ್ಲಿ ಗೊತ್ತಾಯಿತು. ಬಸುರಿಯರು ಆಡುಸೋಗೆಯಿಂದ ದೂರ ಇರಬೇಕು ಎನ್ನುವುದು ಅದಕ್ಕೇ. ಕೆಮ್ಮು ಬಿಡಿಸುವ ಎಲೆ, ಗರ್ಭಕ್ಕೆ ಅಪಾಯ ತರುವ ಎಲೆ, ಎರಡೂ ಒಂದೇ.

20ನೇ ಶತಮಾನದಲ್ಲಿ ಈ ಕೆಲಸ ದೇಶದ ಮಟ್ಟಕ್ಕೆ ಬೆಳೆಯಿತು. 1931ರಲ್ಲಿ ರಸಾಯನ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದೀಕಿ ಸರ್ಪಗಂಧಿ ಬೇರಿನಿಂದ ಕ್ಷಾರವಸ್ತುಗಳನ್ನು ಬಿಡಿಸಿದರು. ಅದೇ ವರ್ಷ ಕೋಲ್ಕತ್ತಾದ ವೈದ್ಯರಾದ ಸೇನ್ ಮತ್ತು ಬೋಸ್ ಅದು ರಕ್ತದೊತ್ತಡ ಇಳಿಸುತ್ತದೆ ಎಂದು ಬರೆದರು. 1949ರಲ್ಲಿ ಮುಂಬೈಯ ವೈದ್ಯ ರುಸ್ತುಂ ಜಲ್ ವಕೀಲ್ ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿದಾಗ ಜಗತ್ತು ತಿರುಗಿ ನೋಡಿತು. 1930–31ರಲ್ಲಿ ರಾಮನಾಥ ಚೋಪ್ರಾ ಅಧ್ಯಕ್ಷತೆಯ ಸಮಿತಿ ದೇಶದ ಔಷಧಿಗಳ ಸ್ಥಿತಿ ಪರಿಶೀಲಿಸಿತು. ಅದರ ಬೆನ್ನಿಗೆ 1940ರ ಔಷಧಿ ಕಾಯ್ದೆ ಬಂತು. 1951ರಲ್ಲಿ ಲಖನೌದಲ್ಲಿ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಶುರುವಾಯಿತು. 1960ರ ದಶಕದಿಂದ ಅಲ್ಲಿ ನೂರಾರು ಗಿಡಗಳ ಸಾರ ತೆಗೆದು ಸಾಲಾಗಿ ಪರೀಕ್ಷಿಸಿದರು.

ಪಶ್ಚಿಮ ಘಟ್ಟದ ಇನ್ನೊಂದು ಮರದ ಕಥೆಯನ್ನು ನಿಧಾನವಾಗಿ ಹೇಳಬೇಕು. ಕನ್ನಡದಲ್ಲಿ ಅದರ ಹೆಸರೇ ದುರ್ವಾಸನೆ ಮರ. ಕೊಡಗಿನ ಕಾಡಿನಲ್ಲೂ ಇದೆ. 1966ರಲ್ಲಿ ಅಮೆರಿಕದ ವಿಜ್ಞಾನಿಗಳಾದ ವಾಲ್ ಮತ್ತು ವಾಣಿ ಒಂದು ಚೀನೀ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಕಂಡುಹಿಡಿದಿದ್ದರು. ಕ್ಯಾನ್ಸರ್ ಕೋಶಗಳನ್ನು ಅದು ಜೋರಾಗಿ ಕೊಲ್ಲುತ್ತಿತ್ತು. 1972ರಲ್ಲಿ ನಮ್ಮ ದೇಶದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲೂ ಇದೆ, ಅದೂ ಒಳ್ಳೆಯ ಪ್ರಮಾಣದಲ್ಲಿ ಇದೆ ಎಂದು ತೋರಿಸಿದರು. ಅಷ್ಟರಲ್ಲಿ ಅಮೆರಿಕದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದ್ದರು. ರಕ್ತ ತಯಾರಿಸುವ ಮೂಳೆ ಮಜ್ಜೆ ಸೊರಗಿತು, ಭೇದಿ ಹಿಡಿಯಿತು, ಮೂತ್ರಕೋಶದಲ್ಲಿ ರಕ್ತಸ್ರಾವ ಆಯಿತು. ಪ್ರಯೋಗ ನಿಲ್ಲಿಸಬೇಕಾಯಿತು. ಅಣುವಿನ ರಚನೆಯನ್ನು ಅಷ್ಟಿಷ್ಟು ಬದಲಿಸಿ, ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಬಳಸಬಹುದಾದ ಔಷಧಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಗುವಾಗ 1996 ಆಗಿತ್ತು. 30 ವರ್ಷ!

ಆ ರೋಗಿಗಳ ಮೂತ್ರವೂ ಕೆಂಪಾಗಿತ್ತು. ಅದು ರಕ್ತ. ಕಕ್ಕಡದ ಮರುದಿನ ನಮ್ಮದು ಕೆಂಪಾಗುವುದು ಎಲೆಯ ಬಣ್ಣದಿಂದ. ಕಣ್ಣಿಗೆ ಎರಡೂ ಕೆಂಪೇ. ಬಣ್ಣ ನೋಡಿ ಮದ್ದು ಹಿಡಿದಿದೆ ಎನ್ನುವುದು ಏಕೆ ಸಾಲದು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಈ ಕಥೆ ತಿಳಿದ ಮೇಲೆ.

ಹಾಗಾದರೆ ಎಲೆಯನ್ನು ಪರೀಕ್ಷಿಸುವುದು ಅಂದರೆ ಏನು? ಮೊದಲು ಗಿಡ ಯಾವುದು ಎಂದು ಗಟ್ಟಿ ಮಾಡಿಕೊಳ್ಳಬೇಕು. ಹೂವಿರುವ ಕೊಂಬೆಯನ್ನು ಪೇಪರ್ ನಡುವೆ ಒತ್ತಿ ಒಣಗಿಸಿ, ಊರು, ದಿನಾಂಕ ಬರೆದು ಇಡುತ್ತಾರೆ. ಇದು ಸಣ್ಣ ವಿಷಯವಲ್ಲ. ಘಟ್ಟದ ಕೆಳಗೆ ಆಟಿ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ನಸುಕಿನ ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಕೆತ್ತಿದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಬ್ರೂಸಿನ್. ಎರಡೂ ವಿಷ. ಗೊತ್ತಿದ್ದವರ ಜೊತೆಗೇ ಹೋಗಿ ಎಂದು ಹಿರಿಯರು ಹೇಳುವುದು ಸುಮ್ನೆ ಅಲ್ಲ.

ಆಮೇಲೆ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾರ ತೆಗೆಯುತ್ತಾರೆ. ಇದಕ್ಕೆ ಇವತ್ತಿಗೂ ಬಳಸುವ ಗಾಜಿನ ಸಾಧನ 1879ರದ್ದು. ಜರ್ಮನಿಯ ಸಾಕ್ಸ್‌ಲೆಟ್ ಎಂಬವರು ಹಾಲಿನ ಕೊಬ್ಬು ಅಳೆಯಲು ಮಾಡಿದ್ದು. ಕೆಳಗಿನ ದ್ರಾವಕ, ಅಂದರೆ ಎಲೆಯ ಅಂಶ ಕರಗಿಸಿಕೊಳ್ಳುವ ದ್ರವ, ಆವಿಯಾಗಿ ಮೇಲೇರಿ, ತಣಿದು, ಪುಡಿಯ ಮೇಲೆ ತೊಟ್ಟಿಕ್ಕಿ, ತುಂಬಿದ ಮೇಲೆ ಮತ್ತೆ ಕೆಳಗಿಳಿಯುತ್ತದೆ. ಗಂಟೆಗಟ್ಟಲೆ ಇದೇ.

ಎಲ್ಲಕ್ಕಿಂತ ಮುಖ್ಯ ಮಾತು ಇಲ್ಲಿದೆ. ಅಜ್ಜಿಯ ದ್ರಾವಕ ನೀರು. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಮೆಥನಾಲ್, ಇಥನಾಲ್, ಕ್ಲೋರೋಫಾರ್ಮ್, ಹೆಕ್ಸೇನ್. ನೀರಿಗೆ ಬಾರದ ಎಣ್ಣೆಯಂಥ ಅಂಶ ಹೆಕ್ಸೇನಿಗೆ ಬರುತ್ತದೆ. ಮೆಥನಾಲ್ ಇನ್ನೇನನ್ನೋ ಎಳೆಯುತ್ತದೆ. ಎಲೆ ಒಂದೇ ಆದರೂ ಸಾರ ಬೇರೆ ಬೇರೆ. "ಮೆಥನಾಲ್ ಸಾರ ಕ್ಯಾನ್ಸರ್ ಕೋಶ ಕೊಂದಿತು" ಎಂದರೆ ಅದು ಪಾಯಸದ ಗುಣವಲ್ಲ. ಪಾಯಸ ನೂರಾರು ವರ್ಷದಿಂದ ತಿಂದಿದ್ದೇವೆ ಎಂದರೆ ಅದು ಮೆಥನಾಲ್ ಸಾರದ ಮಾತ್ರೆಗೆ ರಕ್ಷಣೆಯೂ ಅಲ್ಲ. ಆಯುರ್ವೇದ ಔಷಧಿಗಳ 2010ರ ಲೈಸೆನ್ಸ್ ನಿಯಮವೂ ಇದನ್ನು ಒಪ್ಪುತ್ತದೆ. ಗ್ರಂಥದಲ್ಲಿ ಹೇಳಿದಂತೆ ನೀರಿನಲ್ಲಿ ತೆಗೆದ ಸಾರಕ್ಕೆ ಒಂದು ಅಳತೆ. ಹೊಸ ದ್ರಾವಕದಲ್ಲಿ ತೆಗೆದದ್ದಕ್ಕೆ ವಿಷಪರೀಕ್ಷೆ ಸೇರಿದಂತೆ ಬಿಗಿಯಾದ ಇನ್ನೊಂದು ಅಳತೆ.

ಸಾರ ಸಿಕ್ಕಿದ ಮೇಲೆ ಬಣ್ಣದ ಪರೀಕ್ಷೆಗಳು. ಡ್ರಾಜೆಂಡಾರ್ಫ್ ದ್ರಾವಣ ಹಾಕಿದಾಗ ಕಿತ್ತಳೆ ಬಣ್ಣದ ಗಸಿ ಬಂದರೆ ಕ್ಷಾರವಸ್ತು ಇದೆ. ಕುಲುಕಿದಾಗ ಸೀಗೆಕಾಯಿಯಂತೆ ನೊರೆ ನಿಂತರೆ ಸಪೋನಿನ್. ಹೆಚ್ಚು ಜನಪ್ರಿಯವಾದದ್ದು ಡಿಪಿಪಿಎಚ್ ಎಂಬ ರಾಸಾಯನಿಕದ ಪರೀಕ್ಷೆ. ಅದರ ದ್ರಾವಣ ಗಾಢ ನೇರಳೆ, ಥೇಟ್ ನಮ್ಮ ಮದ್ದುಸೊಪ್ಪಿನ ನೀರಿನಂತೆ. ಎಲೆಯ ಸಾರ ಬಿಟ್ಟು ಕತ್ತಲಲ್ಲಿ ಅರ್ಧ ಗಂಟೆ ಇಟ್ಟು ಹೊರತೆಗೆದರೆ ನೇರಳೆ ಹೋಗಿ ಹಳದಿ ಆಗಿರುತ್ತದೆ. ಮೊದಲ ಸಲ ನೋಡಿದವರಿಗೆ ಮಾಯೆ ಅನ್ನಿಸುತ್ತದೆ. ಹಳದಿಯಾದಷ್ಟೂ ಆಂಟಿಆಕ್ಸಿಡೆಂಟ್ ಶಕ್ತಿ ಹೆಚ್ಚು ಎಂದು ಲೆಕ್ಕ.

ಮದ್ದುಸೊಪ್ಪಿನ ಮೇಲೂ ಕಳೆದ ಹದಿನೈದು ವರ್ಷಗಳಲ್ಲಿ ಇಂಥ ಪರೀಕ್ಷೆಗಳು ಬಂದಿವೆ. ಫೀನಾಲ್, ಫ್ಲೇವನಾಯ್ಡ್ ಇವೆ, ಆಂಟಿಆಕ್ಸಿಡೆಂಟ್ ಗುಣ ಇದೆ ಎಂದು ವರದಿಯಾಗಿದೆ. ಓದಿದಾಗ ಖುಷಿಯಾಯಿತು. ಆದರೆ ನಮ್ಮ ತೋಟದ ಕಾಫಿ, ಅಂಗಡಿಯ ಟೀ ಪುಡಿ, ಹಿತ್ತಲಿನ ಪೇರಳೆ ಎಲೆ, ಇವೆಲ್ಲವೂ ಡಿಪಿಪಿಎಚ್ ಬಣ್ಣ ಬಿಡಿಸುತ್ತವೆ. ಗಾಜಿನ ನಳಿಕೆಯಲ್ಲಿ ಬಣ್ಣ ಬದಲಾದದ್ದು ಮೈಯೊಳಗಿನ ಕಾಯಿಲೆಗೆ ಔಷಧಿ ಅಂತ ಆಗುವುದಿಲ್ಲ. ಸಾರದ ಅಂಶಗಳನ್ನು ಬೇರ್ಪಡಿಸಿ ಹೆಸರು ಹಚ್ಚುವ ಜಿಸಿ-ಎಂಎಸ್ ಯಂತ್ರದ್ದೂ ಇದೇ ಕಥೆ. ತನ್ನ ಪಟ್ಟಿಯಲ್ಲಿರುವುದಕ್ಕೆ ಹೋಲಿಸಿ ಅದು ಹತ್ತಾರು ಹೆಸರು ಉದುರಿಸುತ್ತದೆ. ಗಿಡದ ಅಂಶ ಎಂದು ಪ್ರಕಟವಾಗುವ ಥಾಲೇಟುಗಳು (ಪ್ಲಾಸ್ಟಿಕ್ ಮೆದುವಾಗಲು ಬೆರೆಸುವ ರಾಸಾಯನಿಕಗಳು) ಎಷ್ಟೋ ಸಲ ಪ್ಲಾಸ್ಟಿಕ್ ಡಬ್ಬಿಯಿಂದ ಬಂದವು. ಹೆಸರು ಬಂತು ಅಂದ ಮಾತ್ರಕ್ಕೆ ಅದು ಎಲೆಯದ್ದೇ ಎನ್ನುವಂತಿಲ್ಲ, ಕೆಲಸ ಮಾಡುವ ಅಂಶ ಅದೇ ಎನ್ನುವಂತೆಯೂ ಇಲ್ಲ.

ಇನ್ನು ಎರಡನೇ ಪ್ರಶ್ನೆ. ವಿಷಗುಣ ನೋಡುವ ಅಗ್ಗದ ದಾರಿ 1982ರಲ್ಲಿ ಬಳಕೆಗೆ ಬಂದ ಉಪ್ಪುನೀರಿನ ಸೀಗಡಿ ಪರೀಕ್ಷೆ. ಮೊಟ್ಟೆಯೊಡೆದ ಮರಿಗಳನ್ನು, ಸಾರ ಬೆರೆಸಿದ ಉಪ್ಪುನೀರಿಗೆ ಬಿಡುತ್ತಾರೆ. 24 ಗಂಟೆ ಆದ ಮೇಲೆ ಎಷ್ಟು ಬದುಕಿವೆ ಎಂದು ಎಣಿಸುತ್ತಾರೆ. ಮಿಲಿಲೀಟರಿಗೆ 1000 ಮೈಕ್ರೋಗ್ರಾಂಗಿಂತ ಕಡಿಮೆ ಪ್ರಮಾಣದಲ್ಲಿ ಅರ್ಧ ಮರಿಗಳು ಸತ್ತರೆ ಅದನ್ನು ವಿಷಗುಣದ ಸೂಚನೆ ಎಂದು ತೆಗೆದುಕೊಳ್ಳುವುದು ರೂಢಿ. ಕಾಲೇಜಿನ ಲ್ಯಾಬಿನಲ್ಲೂ ಆಗುವ ಕೆಲಸ. ಆದರೆ ಇದು ಬಾಗಿಲು ತಟ್ಟಿ ನೋಡಿದ ಹಾಗೆ, ಅಷ್ಟೇ.

ಮುಂದಿನದು ಇಲಿ. 1927ರಲ್ಲಿ ಬ್ರಿಟನ್ನಿನ ಟ್ರೆವನ್, ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣವನ್ನು ಅಳತೆ ಎಂದು ತಂದರು. ಅದಕ್ಕೆ ತುಂಬಾ ಪ್ರಾಣಿಗಳು ಬಲಿಯಾಗುತ್ತಿದ್ದವು. ಆ ಹಳೆಯ ವಿಧಾನವನ್ನು 2002ರಲ್ಲಿ ಅಂತಾರಾಷ್ಟ್ರೀಯ ಮಾರ್ಗಸೂಚಿಯಿಂದ ಕೈಬಿಟ್ಟರು. ಈಗ ಹಂತಕ್ಕೆ ಮೂರೇ ಇಲಿ ಸಾಕು. ಒಂದೇ ಸಲ ಕೊಟ್ಟು 14 ದಿನ ನೋಡುತ್ತಾರೆ. ಕೆಜಿ ತೂಕಕ್ಕೆ 2000 ಮಿಲಿಗ್ರಾಂ ಕೊಟ್ಟರೂ ಸಾಯದಿದ್ದರೆ "ಸುರಕ್ಷಿತ" ಎಂದು ಪ್ರಬಂಧಗಳಲ್ಲಿ ಬರೆದುಬಿಡುತ್ತಾರೆ. ನನಗೆ ಬೇಸರ ಇರುವುದು ಇಲ್ಲೇ. ಒಂದು ದಿನ ತಿಂದು ಸಾಯಲಿಲ್ಲ ಅಂದರೆ ದಿನಾ ತಿನ್ನಬಹುದು ಅಂತ ಅರ್ಥವೇ?

ಇದಕ್ಕೆ ಕಹಿಯಾದ ಉತ್ತರ ಸಿಕ್ಕಿದ್ದು ಬೆಲ್ಜಿಯಂನಲ್ಲಿ. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸಲು ಗಿಡಮೂಲಿಕೆ ಮಾತ್ರೆ ತಿಂಗಳುಗಟ್ಟಲೆ ನುಂಗಿದ ಹೆಂಗಸರ ಕಿಡ್ನಿ ಒಬ್ಬೊಬ್ಬರದೇ ಕೈಕೊಟ್ಟಿತು. ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಕುಲದ ಗಿಡ ಅದರೊಳಗೆ ಸೇರಿತ್ತು. ವರ್ಷಗಳ ನಂತರ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ಅದೇ ಕುಲದ ಗಿಡ ನಮ್ಮಲ್ಲೂ ಇದೆ: ಈಶ್ವರಿ ಬಳ್ಳಿ. ಹಾವಿನ ವಿಷಕ್ಕೆ ಎಂದು ಅದರ ಬೇರು ತೇಯ್ದು ಕೊಡುತ್ತಿದ್ದ ನಾಡು ಇದು. ಒಂದು ದಿನದ ಸೀಗಡಿ ಪರೀಕ್ಷೆಯನ್ನೋ 14 ದಿನದ ಇಲಿ ಪರೀಕ್ಷೆಯನ್ನೋ ನಂಬಿದರೆ ವರ್ಷಗಟ್ಟಲೆ ಆದ ಮೇಲೆ ತಲೆ ಎತ್ತುವ ಇಂಥ ಹಾನಿ ಗೊತ್ತಾಗುವುದಿಲ್ಲ. ಅದಕ್ಕೆ 28 ದಿನದ, 90 ದಿನದ ಪರೀಕ್ಷೆ ಬೇಕು. ಕಿಡ್ನಿ, ಲಿವರ್ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ವಂಶವಾಹಿಗೆ ಏಟು ಬಿದ್ದಿದೆಯೇ ಎಂದೂ ನೋಡಬೇಕು.

ಇದೆಲ್ಲ ಹೇಳಿದ್ದು ಕಕ್ಕಡದ ಪಾಯಸಕ್ಕೆ ಹೆದರಿಸಲು ಅಲ್ಲ. ವರ್ಷಕ್ಕೊಮ್ಮೆ, ನೀರಿನಲ್ಲಿ ಬೇಯಿಸಿ, ಒಂದು ಬಟ್ಟಲು. ಆ ಪದ್ಧತಿಯಲ್ಲಿ ಪ್ರಮಾಣವೂ ಸೇರಿದೆ. ಗೊತ್ತಿಲ್ಲದೆ ಅದನ್ನು ಮುರಿಯುವುದು ನಮ್ಮ ಕಾಲದವರೇ. ಇವತ್ತು ಆಗಸ್ಟ್ ಬಂತೆಂದರೆ ಸೊಪ್ಪಿನ ಕಟ್ಟು ಬೆಂಗಳೂರಿಗೂ ಹೋಗುತ್ತದೆ. ಮನೆ ನೆನಪು ಬೇಕಾದವರಿಗೆ ಅದು ಹೋಗಲಿ. ನಾಳೆ ಅದೇ ಎಲೆ ಸಾಂದ್ರ ಸಾರವಾಗಿ, ದಿನಕ್ಕೆರಡು ಮಾತ್ರೆಯಾಗಿ ಬಂದರೆ ಅಜ್ಜಿಯ ಅನುಭವ ಅದಕ್ಕೆ ಸಾಕ್ಷಿ ಹೇಳಲಾರದು. 2015ರಲ್ಲಿ ಸರ್ಕಾರ ಸಸ್ಯೌಷಧಿಗಳಿಗೆಂದೇ ಹೊಸ ವರ್ಗ ಮಾಡಿದೆ. ಕನಿಷ್ಠ ನಾಲ್ಕು ಅಂಶಗಳನ್ನು ಗುರುತಿಸಿ, ಅಳೆದು, ಸುರಕ್ಷತೆಯನ್ನೂ ಗುಣವನ್ನೂ ತೋರಿಸಿದ ಮೇಲೆಯೇ ಒಪ್ಪಿಗೆ. ದಾರಿ ಇದೆ. ಉದ್ದ ಇದೆ, ಖರ್ಚೂ ಇದೆ.

ನನಗೆ ನೋಡಬೇಕೆನಿಸುವ ಪ್ರಯೋಗ ಸರಳ. ಒಂದೇ ಬೇಲಿಯ ಗಿಡದಿಂದ ಕಕ್ಕಡದ ಮೊದಲ ದಿನ, ಹದಿನೆಂಟನೇ ದಿನ, ಮತ್ತೆ ಬೇಸಿಗೆಯ ಒಂದು ದಿನ ಎಲೆ ಕೊಯ್ಯಬೇಕು. ಗಿಡದ ರಾಸಾಯನಿಕ ಋತುವಿನ ಜೊತೆ ಬದಲಾಗುತ್ತದೆ ಎಂಬುದು ವಿಜ್ಞಾನಕ್ಕೂ ಗೊತ್ತಿರುವ ಮಾತು. ಕಕ್ಕಡದಲ್ಲಿ ಎಲೆಯ ಘಮ ಏರುತ್ತದೆ ಎಂದು ಹಿರಿಯರು ಹೇಳುವುದೂ ಅದನ್ನೇ ಇರಬಹುದು. ಮೂರೂ ಕೊಯ್ಲನ್ನು ಮನೆಯಲ್ಲಿ ಮಾಡುವ ಹಾಗೇ ನೀರಿನಲ್ಲಿ ಕುದಿಸಬೇಕು. ಏನೇನು ಬಂದಿದೆ ಎಂದು ಅಳೆಯಬೇಕು. ಆಮೇಲೆ ಅದೇ ನೀರಿನ ಸಾರವನ್ನು 90 ದಿನದ ಪರೀಕ್ಷೆಗೆ ಒಡ್ಡಬೇಕು. ಹದಿನೆಂಟನೇ ದಿನದ ಎಲೆಯಲ್ಲಿ ನಿಜಕ್ಕೂ ಏನಾದರೂ ಜಾಸ್ತಿ ಇದ್ದರೆ ಅಲ್ಲಿ ಕಾಣುತ್ತದೆ.

ಕಳೆದ ಕಕ್ಕಡದಲ್ಲಿ ಸೊಪ್ಪು ಕೊಯ್ಯುವಾಗ ಒಂದು ಕೊಂಬೆಯನ್ನು ಪಾತ್ರೆಗೆ ಹಾಕದೆ ಎತ್ತಿಟ್ಟೆ. ಹಳೆಯ ಪೇಪರಿನ ನಡುವೆ ಒತ್ತಿ, ಅಂಚಿನಲ್ಲಿ ಊರು, ತಾರೀಖು ಬರೆದಿದ್ದೇನೆ. ಎಲೆ ಕಂದಾಗಿದೆ. ಅದು ಒತ್ತಿದ್ದ ಕಡೆ ಪೇಪರಿನ ಮೇಲೆ ಸಣ್ಣಗೆ ನೇರಳೆ ಗುರುತು ಉಳಿದಿದೆ.