ಕಾಕ್ಲಿಯರ್ ಇಂಪ್ಲಾಂಟ್ 'ಕಸಿ' ಅಲ್ಲ

'ಮಗುವಿಗೆ ಯಶಸ್ವಿ ಕಾಕ್ಲಿಯರ್ ಕಸಿ.' ಇಂಥ ತಲೆಬರಹ ಈ ವಾರ ಮತ್ತೆ ಕಣ್ಣಿಗೆ ಬಿತ್ತು. ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಹಾಕುವ ಸಾಧನ ಕಾಕ್ಲಿಯರ್ ಇಂಪ್ಲಾಂಟ್. ಅದನ್ನು 'ಕಸಿ' ಅಂದರೆ ಇನ್ನು ಸುಮ್ನೆ ಇರಲು ಆಗುತ್ತಿಲ್ಲ.

ಕಸಿ ಏನು ಅಂತ ಮಾವು ಬೆಳೆಯುವವರಿಗೆ ಗೊತ್ತು. ನಾಟಿ ಸಸಿಗೆ ಬಾದಾಮಿ ಮಾವಿನ ಕಡ್ಡಿ ಕಟ್ಟುತ್ತಾರೆ, ಎರಡೂ ಬೆಸೆದು ಒಂದೇ ಗಿಡವಾಗುತ್ತದೆ. ಮೂತ್ರಪಿಂಡದ ಕಸಿಗೂ ಈ ಪದ ಒಪ್ಪುತ್ತದೆ: ಒಬ್ಬರ ಜೀವಂತ ಅಂಗ ಇನ್ನೊಬ್ಬರ ಮೈಗೆ ಸೇರುತ್ತದೆ. ಕಾಕ್ಲಿಯರ್ ಇಂಪ್ಲಾಂಟ್‌ನಲ್ಲಿ ಹಾಗೇನೂ ಆಗುವುದಿಲ್ಲ. 'ದಾನಿ ಯಾರು?' ಅಂತ ಗಾಬರಿಯಿಂದ ಕೇಳಿದ ತಂದೆಯೊಬ್ಬರನ್ನು ನಾನೇ ನೋಡಿದ್ದೇನೆ. ಕಾಕ್ಲಿಯಾ ಅಂದರೆ ಒಳಕಿವಿಯ ಸುರುಳಿ. ಗ್ರೀಕರು ಬಸವನಹುಳುವಿಗೆ ಇಟ್ಟ ಹೆಸರಿನಿಂದ ಬಂದ ಪದ. ಆ ಸುರುಳಿಯನ್ನು ಯಾರೂ ಬದಲಿಸುವುದಿಲ್ಲ. ಅದರೊಳಗೆ ಎಲೆಕ್ಟ್ರೋಡ್‌ಗಳಿರುವ (ವಿದ್ಯುತ್ ಮುಟ್ಟಿಸುವ ಪುಟ್ಟ ತುದಿಗಳಿರುವ) ತೆಳು ಎಳೆಯೊಂದನ್ನು ತೂರಿಸುತ್ತಾರೆ, ಅಷ್ಟೇ. ಮೈಮೇಲೆ ಹೊರಗೆ ಧರಿಸುವ ಪ್ರೊಸೆಸರ್ ಎಂಬ ಯಂತ್ರ ಹಿಡಿದ ಸದ್ದು ವಿದ್ಯುತ್ ಮಿಡಿತವಾಗಿ ನೇರ ಕೇಳುವ ನರಕ್ಕೆ ಮುಟ್ಟುತ್ತದೆ. ಹಿಯರಿಂಗ್ ಏಡ್ ಸದ್ದನ್ನು ಜೋರು ಮಾಡುತ್ತದೆ. ಇಂಪ್ಲಾಂಟ್ ಹಾಗಲ್ಲ, ಒಳಕಿವಿಯ ಕೆಟ್ಟುಹೋದ ಭಾಗವನ್ನೇ ದಾಟಿ ಹೋಗುತ್ತದೆ. 'ಅಳವಡಿಕೆ' ಅನ್ನಿ, 'ಇಂಪ್ಲಾಂಟ್' ಅಂತಲೇ ಬರೆಯಿರಿ, ಎರಡೂ ಸರಿ.

ಒಂದು ಪದಕ್ಕೆ ಇಷ್ಟು ಯಾಕೆ ಅಂತೀರಾ? ಕಸಿ ಹಿಡಿದ ಗಿಡ ತಾನೇ ಬೆಳೆಯುತ್ತದೆ ಅಂತ ನಮ್ಮ ಮನಸ್ಸಿನಲ್ಲಿದೆ. ಆದರೆ ಆಪರೇಷನ್ ಮುಗಿದ ತಕ್ಷಣ ಇಂಪ್ಲಾಂಟ್ ಹಾಕಿದ ಮಗುವಿಗೆ ಹೊಸದಾಗಿ ಏನೂ ಕೇಳಿಸುವುದಿಲ್ಲ. ಸಾಮಾನ್ಯವಾಗಿ ಕೆಲವು ವಾರ ಬಿಟ್ಟು ಸ್ವಿಚ್ ಆನ್ ಮಾಡುತ್ತಾರೆ. ಆಮೇಲೆ ಮ್ಯಾಪಿಂಗ್ (ಮಿಡಿತದ ಮಟ್ಟವನ್ನು ಆ ಮಗುವಿಗೆ ಹೊಂದಿಸುವುದು), ಕೇಳಿಸಿಕೊಂಡು ಮಾತಾಡಲು ಕಲಿಸುವ ವರ್ಷಗಟ್ಟಲೆ ಥೆರಪಿ. 'ಕಸಿ ಆಯ್ತಲ್ಲ' ಅಂತ ಥೆರಪಿ ಬಿಟ್ಟರೆ ಮಾತು ಕಲಿಯುವ ವಯಸ್ಸು ಕೈತಪ್ಪುತ್ತದೆ.

'ಪೂರ್ತಿ ಕಿವುಡರಿಗೆ ಮಾತ್ರ' ಅನ್ನುವುದೂ ಹಳೆಯ ಮಾತು. ಅಮೆರಿಕದಲ್ಲಿ 1984ರಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು ದೊಡ್ಡವರಿಗೆ. 1990ರಲ್ಲಿ 2 ವರ್ಷ ತುಂಬಿದ ಮಕ್ಕಳಿಗೂ, 2019ರಲ್ಲಿ ಒಂದೇ ಕಿವಿ ಕೇಳದವರಿಗೂ, 2020ರಲ್ಲಿ 9 ತಿಂಗಳ ಕೂಸಿಗೂ ದಾರಿ ತೆರೆಯಿತು. ಆದರೆ ಕೇಳುವ ನರವೇ ಇಲ್ಲದವರಿಗೆ ಇದು ಕೆಲಸ ಮಾಡದು. ಹುಟ್ಟಿನಿಂದ ಸದ್ದೇ ಕೇಳದೆ ದೊಡ್ಡವರಾದವರಿಗೆ ಮಾತು ಬಿಡಿಸಿ ತಿಳಿಯುವುದು ಬಹಳ ಕಷ್ಟ.

ನಾವು ಜಾಸ್ತಿ ಮರೆಯುವುದು ಮನೆಯ ಹಿರಿಯರನ್ನು. 'ಸದ್ದು ಕೇಳ್ಸುತ್ತೆ ಕಣಪ್ಪ, ಏನಂದೆ ಅಂತ ಗೊತ್ತಾಗಲ್ಲ' ಅನ್ನುವ ಅಜ್ಜಿ ಇದ್ದಾರೆ ಅಲ್ವಾ? ಒಳ್ಳೆಯ ಹಿಯರಿಂಗ್ ಏಡ್ ಹಾಕಿದ ಮೇಲೂ ಅವರು ಹಾಗೇ ಹೇಳುತ್ತಿದ್ದರೆ ವಯಸ್ಸಿನ ನೆಪ ಹೇಳಬೇಡಿ. ಇಂಪ್ಲಾಂಟ್‌ಗೆ ವಯಸ್ಸಿನ ಮೇಲ್ಮಿತಿ ಇಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಹತ್ತಿರದ ಆಡಿಯಾಲಜಿಸ್ಟ್ (ಶ್ರವಣ ಪರೀಕ್ಷೆ ಮಾಡುವ ತಜ್ಞರು) ಬಳಿಗೋ ಕರೆದುಕೊಂಡು ಹೋಗಿ. ಏಡ್ ಹಾಕಿಕೊಂಡೇ ಎಷ್ಟು ಮಾತು ತಿಳಿಯುತ್ತದೆ ಅಂತ ಪರೀಕ್ಷೆ ಮಾಡಿಸಿ.