ಕಡಲ ಸೌತೆ: ನಿಷೇಧ ಬೇಡ ಅನ್ನುವವರೂ ಅದನ್ನು ನೀರಿಗೇ ಬಿಡಬೇಕು

ಕಡಲ ಸೌತೆ (ಸೀ ಕುಕುಂಬರ್) ತರಕಾರಿಯಲ್ಲ, ಕಡಲ ತಳದ ಮೆತ್ತನೆಯ ಪ್ರಾಣಿ; ಇದನ್ನು ಹಿಡಿಯುವುದಕ್ಕೆ ನಮ್ಮಲ್ಲಿ ನಿಷೇಧವಿದೆ. ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ಇದರ ಹೆಸರು ‘ಕಡಲ್ ಅಟ್ಟೈ’, ಅಂದರೆ ಕಡಲ ಜಿಗಣೆ. ಹೆಸರು ಹಾಗಿದ್ದರೂ ಇದು ರಕ್ತ ಹೀರುವುದಿಲ್ಲ. ತಳದ ಮರಳು ನುಂಗಿ, ಅದರಲ್ಲಿ ಕೊಳೆತದ್ದನ್ನು ಅರಗಿಸಿಕೊಂಡು, ಮರಳನ್ನು ಹೊರಹಾಕುವುದೇ ಇದರ ಕಸುಬು. ಪಾಕ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಯಲ್ಲಿ ಮೀನುಗಾರರು ಉಸಿರು ಬಿಗಿಹಿಡಿದು ಮುಳುಗಿ ಇದನ್ನು ಕೈಯಿಂದಲೇ ಆಯ್ದು ತರುತ್ತಿದ್ದರು.

ಊರಿನವರು ತಿನ್ನುವ ಪದಾರ್ಥವಲ್ಲ ಇದು. ಮಾಲೆಲ್ಲ ಪೂರ್ವ ಏಷ್ಯಾದ ಅಡುಗೆಮನೆಗಳಿಗೆ. ಹೊಟ್ಟೆ ಸೀಳಿ ಕರುಳು ತೆಗೆದು ಬೇಯಿಸುವುದು, ಮರಳಿನಲ್ಲಿ ಒಂದು ರಾತ್ರಿ ಹೂಳುವುದು, ಮರುದಿನ ತುಳಿದು ಉಜ್ಜಿ ಚರ್ಮದ ಸುಣ್ಣದ ಕಣ ಬಿಡಿಸುವುದು, ಮತ್ತೆ ಬೇಯಿಸಿ ಬಿಸಿಲಿಗೆ ಹರವುವುದು. ಸುಣ್ಣ ಉಳಿದರೆ ದರ ಬೀಳುತ್ತದೆ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ತೂಕ ಹತ್ತನೇ ಒಂದು ಪಾಲೂ ಉಳಿಯುವುದಿಲ್ಲ. ಒಂದು ಕಿಲೋ ಒಣ ಮಾಲಿಗೆ ಎಷ್ಟು ಜೀವ ಎಂಬ ಲೆಕ್ಕ ಅಲ್ಲೇ ಇದೆ.

1982ರಲ್ಲಿ ಮೊದಲ ಕಡಿವಾಣ ಬಿತ್ತು: ಒಣಗಿದ ಮೇಲೆ 3 ಇಂಚಿಗಿಂತ ಚಿಕ್ಕದಾದ ಮಾಲನ್ನು ರಫ್ತು ಮಾಡುವಂತಿಲ್ಲ. ಎಡವಟ್ಟು ನಿಯಮದಲ್ಲೇ ಇತ್ತು. ಅಳತೆ ಹಿಡಿಯುವುದು ಒಣಗಿಸಿದ ಮೇಲೆ. ಅಷ್ಟರಲ್ಲಿ ಚಿಕ್ಕದು ಸತ್ತು ಬೆಂದಾಗಿರುತ್ತದೆ. ಈ ಪ್ರಾಣಿಯ ಸಂತಾನ ಪದ್ಧತಿಯೂ ಅದಕ್ಕೆ ಮುಳುವು. ಗಂಡು ಹೆಣ್ಣು ಎರಡೂ ಬೀಜಾಣುಗಳನ್ನು ನೀರಿಗೆ ಬಿಡುತ್ತವೆ, ಅವು ಅಲ್ಲೇ ಕೂಡಬೇಕು. ದೊಡ್ಡವು ವಿರಳವಾದರೆ ಉಳಿದವುಗಳ ಬೀಜಾಣು ನೀರುಪಾಲು.

2001ರ ಜುಲೈನಲ್ಲಿ ಕೇಂದ್ರ ಸರ್ಕಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ಕ್ಕೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ, ಕಡಲ ಸೌತೆಯ ಎಲ್ಲ ಪ್ರಭೇದಗಳನ್ನೂ ಸೇರಿಸಿತು. ಅದೇ ಸುತ್ತಿನಲ್ಲಿ ಶಾರ್ಕ್, ತೊರಕೆ ಮೀನುಗಳೂ ಸಾರಾಸಗಟಾಗಿ ಪಟ್ಟಿಗೆ ಬಿದ್ದವು. ಮೀನುಗಾರರ ವಿರೋಧ ಎದ್ದಿತು. ಡಿಸೆಂಬರ್ ಹೊತ್ತಿಗೆ ಶಾರ್ಕ್, ತೊರಕೆಗಳ ಪಟ್ಟಿ 10 ಪ್ರಭೇದಗಳಿಗೆ ಇಳಿಯಿತು. ಕಡಲ ಸೌತೆಗೆ ಆ ಭಾಗ್ಯ ಸಿಗಲಿಲ್ಲ. ಶಾರ್ಕ್ ದೇಶದ ಎಲ್ಲ ಕರಾವಳಿಯ ದಂಧೆ. ಸೌತೆಯ ಕಸುಬು ಬಹುಮಟ್ಟಿಗೆ ಎರಡು ಕೊಲ್ಲಿಗಳ ಬಡ ಮುಳುಗುಗಾರರದು. ಫಲ ಬೇರೆಯಾಗಲು ಅದೂ ಒಂದು ಕಾರಣ ಎಂಬುದು ನಮ್ಮ ಅನಿಸಿಕೆ. ಕಾಯ್ದೆಯ 2022ರ ತಿದ್ದುಪಡಿಯ ನಂತರವೂ ಕಡಲ ಸೌತೆ ಅನುಸೂಚಿ 1ರಲ್ಲೇ ಇದೆ.

ಶಿಕ್ಷೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಕಾಯ್ದೆಯ ಭಾಷೆಯಲ್ಲಿ ಹಿಡಿಯುವುದೂ ‘ಬೇಟೆ’ಯೇ. ಬಲೆ ಮಾತ್ರ ಕಾನೂನು ಓದಿಲ್ಲ: ತಳ ಎಳೆಯುವ ಬಲೆಗೆ ಸೌತೆ ತಾನಾಗಿ ಬರುತ್ತದೆ. ಕಾನೂನಿಗೆ ತಲೆಬಾಗುವ ಮೀನುಗಾರ ಮೊದಲು ಅದನ್ನು ರಾಶಿಯ ಅಡಿಯಿಂದ ಬಿಡಿಸಬೇಕು. ಮೀನಿನ ಭಾರಕ್ಕೆ, ಬಿಸಿಲಿಗೆ ಅದು ಬೇಗ ಹಾಳಾಗುತ್ತದೆ. ತಕ್ಷಣ ಬಿಡಲಾಗದಿದ್ದರೆ ಕಡಲ ನೀರಿನ ಬಕೆಟ್ಟಿನಲ್ಲಿ, ನೆರಳಲ್ಲಿ ಇಡಬೇಕು. ಸಿಕ್ಕಿದ ಜಾಗದಲ್ಲೇ, ಮರಳು ತಳದ ಮೇಲೆ ಬಿಡುವುದು ಒಳ್ಳೆಯದು. ದಡಕ್ಕೆ ತಂದು ‘ತಾನಾಗಿ ಸಿಕ್ಕಿತ್ತು’ ಅಂದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ.

ಹೀಗೆ ನೀರಿಗೆ ಬಿಡುವವನ ಸಂಕಟ ಬೇರೆಯೇ. ಕೆಲವೇ ಮೈಲಿ ಆಚೆ ಶ್ರೀಲಂಕಾದಲ್ಲಿ ಇದನ್ನು ಪರವಾನಗಿ ಪಡೆದು ಹಿಡಿಯಬಹುದು. ಇಲ್ಲಿಂದ ಕಳ್ಳಸಾಗಣೆಯಾಗುವ ಮಾಲೂ ಆ ದಾರಿ ಹಿಡಿಯುತ್ತದೆ.

ನಿಷೇಧ ತೆಗೆಯಲು ಸಂಸತ್ತು ಕಾಯ್ದೆಯನ್ನೇ ತಿದ್ದಬೇಕಿಲ್ಲ. ಕಲಂ 61ರಡಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆಯಿಂದ ಅನುಸೂಚಿ ಬದಲಿಸಬಹುದು. ಹಾಗಾಗಿ ಮನವಿ ಹೋಗಬೇಕಾದ್ದು ಪರಿಸರ ಸಚಿವಾಲಯಕ್ಕೆ. ‘ಎಲ್ಲ ತೆಗೆಯಿರಿ’ ಅನ್ನುವ ಮನವಿ ದುರ್ಬಲ. ಯಾವ ಪ್ರಭೇದ, ಹಸಿ ಇರುವಾಗಲೇ ಎಷ್ಟು ಉದ್ದ, ಯಾವ ತಿಂಗಳು ರಜೆ, ಎಷ್ಟು ಪರವಾನಗಿ ಎಂದು ಬರೆದುಕೊಡಬೇಕು. ಮನ್ನಾರ್ ಕೊಲ್ಲಿಯ 21 ದ್ವೀಪಗಳ ರಾಷ್ಟ್ರೀಯ ಉದ್ಯಾನ ಹೇಗಿದ್ದರೂ ತೆರೆಯುವುದಿಲ್ಲ. ಅದರ ನಿಯಮ ಬೇರೆ.

ಕಡಲಿನದು ಬೇಡ, ಕೊಳದಲ್ಲಿ ಸಾಕಿ ಮಾರಲು ಬಿಡಿ ಎಂಬ ವಾದವೂ ಇದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1988ರಲ್ಲೇ ತೂತುಕುಡಿಯಲ್ಲಿ ಇದರ ಮರಿ ಮಾಡಿ ತೋರಿಸಿತ್ತು. ಆದರೆ ತಾಯಿ ಪ್ರಾಣಿಯನ್ನು ಕಡಲಿನಿಂದಲೇ ತರಬೇಕು, ಅದಕ್ಕೂ ಅನುಮತಿ ಬೇಕು. ಇನ್ನು ಬೇಯಿಸಿ ಒಣಗಿಸಿದ ಮೇಲೆ ಕೊಳದ ಸೌತೆ ಯಾವುದು, ಕಡಲಿನ ಸೌತೆ ಯಾವುದು ಎಂದು ತಪಾಸಣೆಯವರು ಕಣ್ಣಳತೆಯಲ್ಲಿ ಹೇಳಲಾರರು.