ಬಯೋಫೀಡ್‌ಬ್ಯಾಕ್: ನುಂಗೋದನ್ನು ಕಣ್ಣಾರೆ ನೋಡಿ ಕಲಿಯುವ ಚಿಕಿತ್ಸೆ

ನೀರು ಕುಡಿಯುವಾಗ ಕೆಮ್ಮು ಒತ್ತರಿಸಿ ಬಂದರೆ ಕಲಬುರಗಿ ಕಡೆ "ನೆತ್ತಿಗಿ ಹತ್ತೇದ, ಯಾರೋ ನೆನಸಲತ್ತಾರ" ಅಂತ ತಲೆ ತಟ್ಟುತ್ತಾರೆ. ಎಂದೋ ಒಮ್ಮೆ ಆದರೆ ಚಿಂತೆಯಿಲ್ಲ. ಲಕ್ವಾ (ಪಾರ್ಶ್ವವಾಯು) ಹೊಡೆದು ತಿಂಗಳುಗಳು ಕಳೆದರೂ ಗುಟುಕು ಗುಟುಕಿಗೂ ಹೀಗಾಗುತ್ತಿದ್ದರೆ ಅದು ಡಿಸ್ಫೇಜಿಯಾ, ನುಂಗುವ ತೊಂದರೆ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಇದ್ದವರಿಗೆ, ಗಂಟಲ ಕ್ಯಾನ್ಸರಿಗೆ ರೇಡಿಯೇಶನ್ ಆದವರಿಗೂ ಇದು ಬರುತ್ತದೆ. ಮನೆಯವರು ರೊಟ್ಟಿ ಬಿಡಿಸಿ ತೆಳು ಮಜ್ಜಿಗೆ ಕೊಡುತ್ತಾರೆ. ಲಕ್ವಾ ಆದವರಲ್ಲಿ ಅನೇಕರಿಗೆ ಆ ತೆಳು ಮಜ್ಜಿಗೆಯೇ ಹೆಚ್ಚು ಅಪಾಯ. ಗಂಟಲು ಸಜ್ಜಾಗುವ ಮೊದಲೇ ಜಾರಿ ಶ್ವಾಸನಾಳಕ್ಕೆ ಇಳಿದುಬಿಡುತ್ತದೆ.

ಇದಕ್ಕೆ ವ್ಯಾಯಾಮಗಳಿವೆ. ಆದರೆ ಕೈ ಎತ್ತಿದರೆ ಎಷ್ಟು ಎತ್ತಿದೆವೆಂದು ಕಾಣುತ್ತದೆ, ಗಂಟಲೊಳಗಿನದು ಕಾಣುವುದಿಲ್ಲ. "ಜೋರ್ ಹಾಕಿ ನುಂಗ್ರಿ" ಅಂದರೆ ಎಷ್ಟು ಜೋರು? ಬಯೋಫೀಡ್‌ಬ್ಯಾಕ್ ಅದನ್ನು ತೋರಿಸಿಕೊಡುತ್ತದೆ. ಗದ್ದದ ಕೆಳಗೆ ಸ್ಟಿಕ್ಕರಿನಂಥ ಎಲೆಕ್ಟ್ರೋಡ್ ಅಂಟಿಸುತ್ತಾರೆ (ಗಡ್ಡ ಬಿಟ್ಟವರು ಅಷ್ಟು ಜಾಗ ಬೋಳಿಸಬೇಕಾದೀತು). ನುಂಗುವಾಗ ಧ್ವನಿಪೆಟ್ಟಿಗೆಯನ್ನು ಮೇಲಕ್ಕೆಳೆಯುವ ಸ್ನಾಯುಗಳು ಅಲ್ಲೇ ಇವೆ. ಅವು ಬಿಗಿಯಾದಂತೆ ಪರದೆಯ ಮೇಲೆ ಗೆರೆ ಏರುತ್ತದೆ, ಸಡಿಲಾದರೆ ಇಳಿಯುತ್ತದೆ.

ಮೆಂಡೆಲ್‌ಸನ್ ಎಂಬ ವ್ಯಾಯಾಮದಲ್ಲಿ, ನುಂಗುವಾಗ ಮೇಲೇರಿದ ಗಂಟಲಮಣಿಯನ್ನು ಒಂದೆರಡು ಸೆಕೆಂಡು ಅಲ್ಲೇ ಹಿಡಿದಿಡಬೇಕು. ಬಾಯಲ್ಲಿ ಹೇಳಿದರೆ ಬಹಳ ಮಂದಿಗೆ ತಲೆಗೆ ಹೋಗುವುದಿಲ್ಲ. ಆದರೆ ಪರದೆ ಮುಂದೆ ಕೂತರೆ, ಏರಿದ ಗೆರೆ ಬೀಳದಂತೆ ನೋಡಿಕೊಳ್ಳುವುದೇ ಕೆಲಸ.

"ಕರೆಂಟ್ ಕೊಡ್ತಾರೇನ್ರಿ?" ಅಂತ ಕೇಳುವವರಿದ್ದಾರೆ. ಇಲ್ಲ. ಕರೆಂಟ್ ಕೊಡುವ ಚಿಕಿತ್ಸೆ ಬೇರೆ. ಈ ಯಂತ್ರ ಬರೀ ಅಳೆಯುತ್ತದೆ, ದುಡಿಮೆಯೆಲ್ಲ ರೋಗಿಯದೇ. ಅದನ್ನು ಪೂರ್ತಿ ನಂಬುವಂತೆಯೂ ಇಲ್ಲ: ಹಲ್ಲು ಕಚ್ಚಿದರೂ, ನಾಲಿಗೆ ಒತ್ತಿದರೂ ಗೆರೆ ಏರುತ್ತದೆ. ಹಾಗಾಗಿ ಜಾಣ ಥೆರಪಿಸ್ಟ್ ಗಂಟಲ ಮೇಲೆ ಬೆರಳಿಟ್ಟೇ ಕೂತಿರುತ್ತಾರೆ. ಅನ್ನ ಶ್ವಾಸನಾಳಕ್ಕೆ ಹೋಯಿತೋ ಇಲ್ಲವೋ ಎಂಬುದನ್ನಂತೂ ಈ ಗೆರೆ ಹೇಳುವುದೇ ಇಲ್ಲ. ಕೆಲವರಿಗೆ ಹೋದರೂ ಕೆಮ್ಮು ಬರುವುದಿಲ್ಲ, ಆಮೇಲೆ ನ್ಯುಮೋನಿಯಾ ಆದಾಗಲೇ ಗೊತ್ತಾಗುವುದು. ಅದನ್ನು ಹಿಡಿಯಲು ಎಕ್ಸ್-ರೇ ವಿಡಿಯೋ ಅಥವಾ ಮೂಗಿನಿಂದ ಇಳಿಸುವ ಸಣ್ಣ ಕ್ಯಾಮೆರಾ ಬೇಕು.

ಇದನ್ನು ಮಾಡಿಸುವವರು ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವವರಿಗೂ ನುಂಗುವುದಕ್ಕೂ ಏನು ಸಂಬಂಧ ಅಂತ ನಮ್ಮ ಕಡೆ ಜನ ಅವರ ಹತ್ತಿರ ಹೋಗುವುದೇ ಇಲ್ಲ. ಎರಡಕ್ಕೂ ನಾಲಿಗೆ, ಗಂಟಲು ಅವೇ. ಅಭ್ಯಾಸ ಸಾಮಾನ್ಯವಾಗಿ ಬರೀ ಉಗುಳು ನುಂಗುವುದರಿಂದ ಶುರು. ಯಾವ ಆಹಾರ, ಎಷ್ಟು ಗಟ್ಟಿ ಎಂಬುದು ಪರೀಕ್ಷೆ ಆದಮೇಲೆ.